ಟೆಕ್ಸಸ್‌ನ ನಮ್ಮ ಚರ್ಚಿನ ಬಾಗಿಲು ಕಾಯಲು ನಾನು ಕಲಿತದ್ದು

2022ರ ಜನವರಿ 15, ಶನಿವಾರ. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಫೋನಿಗೆ ಒಂದರ ಹಿಂದೆ ಒಂದು ಮೆಸೇಜ್ ಬರತೊಡಗಿತು. ಕಾಲಿವಿಲ್‌ನ ಯೆಹೂದಿ ಪ್ರಾರ್ಥನಾ ಮಂದಿರದಲ್ಲಿ ಒಬ್ಬ ಬಂದೂಕು ಹಿಡಿದು ನಾಲ್ಕು ಜನರನ್ನು ಒತ್ತೆ ಇಟ್ಟುಕೊಂಡಿದ್ದಾನೆ ಅಂತ. ಕಾಲಿವಿಲ್ ನಮಗೆ ದೂರದ ಊರಲ್ಲ. ಡಲ್ಲಾಸ್ ಮತ್ತು ಫೋರ್ಟ್ ವರ್ತ್ ನಡುವೆ ನಾವಿರುವ ಜಾಗದಿಂದ ಕಾರಿನಲ್ಲಿ 15 ನಿಮಿಷ. ರಾತ್ರಿ ಒಂಬತ್ತು ದಾಟುವ ತನಕ ನಾನೂ ನನ್ನ ಗಂಡನೂ ಟಿವಿ ಬಿಟ್ಟು ಏಳಲಿಲ್ಲ. ಸಾಯಂಕಾಲ ಅವನು ಒಬ್ಬರನ್ನು ಬಿಟ್ಟಿದ್ದ. ಕೊನೆಗೆ ಅಲ್ಲಿನ ರಬ್ಬಿ, ಅಂದರೆ ಯೆಹೂದಿ ಧರ್ಮಗುರು, ಚಾರ್ಲಿ ಸಿಟ್ರಾನ್-ವಾಕರ್ ಅವನ ಮೇಲೆ ಕುರ್ಚಿ ಎಸೆದು, ಉಳಿದ ಇಬ್ಬರನ್ನೂ ಓಡಿಸಿಕೊಂಡು ಬಾಗಿಲಿನಿಂದ ಹೊರಗೆ ಬಂದರು. ಒತ್ತೆಯಲ್ಲಿದ್ದ ನಾಲ್ವರೂ ಉಳಿದರು. ಭದ್ರತೆಯ ತರಬೇತಿ ತೆಗೆದುಕೊಂಡಿದ್ದರಿಂದಲೇ ಬದುಕಿದೆವು ಅಂತ ರಬ್ಬಿ ಆಮೇಲೆ ಹೇಳಿದರು.

ಇನ್ನೊಂದು ವಿಷಯವೂ ಆಮೇಲೆ ಗೊತ್ತಾಯಿತು. ಬೆಳಿಗ್ಗೆ ಆ ಅಪರಿಚಿತ ಬಾಗಿಲಿಗೆ ಬಂದಾಗ ಅವನನ್ನು ಒಳಗೆ ಕರೆದು ಚಹಾ ಮಾಡಿ ಕೊಟ್ಟವರು ಇದೇ ರಬ್ಬಿ. ಆ ಚಹಾ ನನ್ನ ತಲೆಯಿಂದ ಹೋಗಲೇ ಇಲ್ಲ. ನಾವೂ ಹಾಗೇ ಮಾಡುತ್ತಿದ್ದೆವು ಅಲ್ವಾ? ಚಳಿಯಲ್ಲಿ ಒಬ್ಬ ಬಾಗಿಲು ತಟ್ಟಿದರೆ ದೇವರ ಮನೆಯವರು ಬೇರೇನು ಮಾಡಬೇಕು?

ಮುಂದಿನ ದಿನ ಭಾನುವಾರ. ಆರಾಧನೆ ಮುಗಿದ ಮೇಲೆ ನಮ್ಮ ಪಾಸ್ಟರ್ ಎರಡು ಮಾತು ಹೇಳಿದರು. ಸುರಕ್ಷತಾ ತಂಡಕ್ಕೆ ಸ್ವಯಂಸೇವಕರು ಬೇಕು, ಹೆಂಗಸರು ಬಂದರೆ ತುಂಬಾ ಉಪಕಾರ. ತಂಡದಲ್ಲಿ ಆಗ ಹನ್ನೊಂದು ಜನ, ಹನ್ನೊಂದೂ ಗಂಡಸರು. ಮಹಿಳೆಯರ ಟಾಯ್ಲೆಟ್ಟಿನಲ್ಲಿ ಯಾರಾದರೂ ಬಿದ್ದರೆ ಒಳಗೆ ಹೋಗುವವರಿಲ್ಲ. ಮಕ್ಕಳ ಕೋಣೆಗಳ ಹತ್ತಿರ ನಿಂತರೆ ತಾಯಂದಿರಿಗೆ ಇರುಸುಮುರುಸು. ನಾನು ಅವತ್ತೇ ಹೆಸರು ಕೊಟ್ಟೆ. ಜಾಸ್ತಿ ಯೋಚಿಸಲಿಲ್ಲ. ನನ್ನ ಮಗಳು ಅದೇ ಮಕ್ಕಳ ಕೋಣೆಯಲ್ಲಿ ಕೂರುತ್ತಾಳೆ, ಅಷ್ಟು ಸಾಕಾಗಿತ್ತು.

ರಾತ್ರಿ ಊರಿಗೆ ಫೋನ್ ಮಾಡಿದೆ. ನಮ್ಮ ಊರು ಉಡುಪಿ ಹತ್ತಿರ. ಬಾಸೆಲ್ ಮಿಷನ್ ಕಾಲದಿಂದ ಬಂದ ಕನ್ನಡ ಸಭೆ ನಮ್ಮದು. ಅಮ್ಮ ಕೇಳಿದ ಮೊದಲ ಮಾತು, "ಎಂಥ ಮಾರಾಯ್ತಿ, ದೇವರ ಮನೆಗೂ ಕಾವಲಾ?" ನಾನು ಹೇಳಿದೆ, "ಅಮ್ಮಾ, 2008 ಮರೆತಿರಾ?" ಅಮ್ಮ ಸುಮ್ಮನಾದರು. ಆ ವರ್ಷ ಸೆಪ್ಟೆಂಬರ್ 14ರ ಭಾನುವಾರ ಮಂಗಳೂರು, ಉಡುಪಿ ಕಡೆ ಕ್ರೈಸ್ತರ ಹಲವು ಪ್ರಾರ್ಥನಾ ಸ್ಥಳಗಳ ಮೇಲೆ ದಾಳಿ ಆಯಿತು. ನಾನಿನ್ನೂ ಕೆಲಸಕ್ಕೆ ಸೇರಿ ಒಂದು ವರ್ಷ ಆಗಿರಲಿಲ್ಲ. ನಮ್ಮ ಸಭೆಗೆ ಏನೂ ಆಗಲಿಲ್ಲ, ಆದರೆ ಮುಂದಿನ ಎರಡು ವಾರ ಯುವಜನ ಕೂಟದ ಹುಡುಗರು ಟಾರ್ಚ್ ಹಿಡಿದು ಕಾಂಪೌಂಡಿನಲ್ಲೇ ಮಲಗಿದ್ದರು. ಅವರಲ್ಲಿ ನನ್ನ ತಮ್ಮನೂ ಒಬ್ಬ. ರಾತ್ರಿ ಅಮ್ಮ ಅವರಿಗೆ ಚಪಾತಿ, ಪಲ್ಯ ಕಳಿಸುತ್ತಿದ್ದರು. ಕೆಲವು ರಾತ್ರಿ ಪಕ್ಕದ ಮನೆಯ ಹಿಂದೂ ಹುಡುಗರೂ ಬಂದು ಕೂತಿದ್ದರು. ಕಾವಲು ಅನ್ನುವುದು ನಮಗೆ ಹೊಸದಲ್ಲ. ಅದಕ್ಕೊಂದು ಫಾರ್ಮ್, ತರಬೇತಿ, ವೇಳಾಪಟ್ಟಿ ಇರುತ್ತದೆ ಅನ್ನುವುದು ಮಾತ್ರ ಹೊಸದಾಗಿತ್ತು.

ಫಾರ್ಮ್ ಆರು ಪುಟ. ಹಿಂದಿನ ವಿಳಾಸಗಳು, ಪೊಲೀಸ್ ಕೇಸ್ ಇದೆಯಾ ಅನ್ನುವ ಪ್ರಶ್ನೆ, ನಮ್ಮನ್ನು ಬಲ್ಲ ಮೂರು ಜನರ ಹೆಸರು. ಬ್ಯಾಕ್‌ಗ್ರೌಂಡ್ ಚೆಕ್ ಮುಗಿಯಲು ಹತ್ತು ದಿನ ಆಯಿತು. ಅದು ಮುಗಿದ ಮೇಲೆ ತಂಡದ ಮುಖ್ಯಸ್ಥರು ಕರೆದು ಒಂದು ಗಂಟೆ ಮಾತಾಡಿಸಿದರು. ಅವರು ನಿವೃತ್ತ ಅಗ್ನಿಶಾಮಕ ಸಿಬ್ಬಂದಿ, 60 ದಾಟಿದ ಮನುಷ್ಯ, ಮಾತು ಕಡಿಮೆ. ಬಂದೂಕಿನ ವಿಷಯ ಮೊದಲೇ ಬರುತ್ತದೆ ಅಂದುಕೊಂಡಿದ್ದೆ. ಅವರು ಕೇಳಿದ್ದು, "ಕೂಗಾಡುವವರ ಎದುರು ನಿಂತು ನೀನು ಮೆತ್ತಗೆ ಮಾತಾಡಬಲ್ಲೆಯಾ?" ಎರಡನೆಯದು, "ಆರಾಧನೆ ಪೂರ್ತಿ ಕೇಳಿಸಿಕೊಳ್ಳಲು ಆಗುವುದಿಲ್ಲ, ಪರವಾಗಿಲ್ಲವಾ?" ಎರಡನೆಯದಕ್ಕೆ ಉತ್ತರ ಕೊಡುವುದೇ ನನಗೆ ಕಷ್ಟವಾಯಿತು.

ಇಲ್ಲಿ ಸ್ವಲ್ಪ ಹಿನ್ನೆಲೆ ಹೇಳಬೇಕು, ಇಲ್ಲದಿದ್ದರೆ ಊರಿನಲ್ಲಿ ಓದುವವರಿಗೆ ಇದೆಲ್ಲ ಅತಿ ಅನ್ನಿಸಬಹುದು. 2015ರ ಜೂನ್ 17ರಂದು ಸೌತ್ ಕೆರೊಲಿನಾ ರಾಜ್ಯದ ಚಾರ್ಲ್ಸ್‌ಟನ್‌ನ ಕಪ್ಪು ಜನರ ಚರ್ಚೊಂದರಲ್ಲಿ ಬೈಬಲ್ ಅಧ್ಯಯನಕ್ಕೆ ಬಂದು ಕೂತವನು ಒಂಬತ್ತು ಜನರನ್ನು ಕೊಂದ. ಅವನನ್ನೂ ಅವರು ಪ್ರೀತಿಯಿಂದಲೇ ಕೂರಿಸಿಕೊಂಡಿದ್ದರು. 2017ರ ನವೆಂಬರ್ 5ರಂದು ನಮ್ಮ ಟೆಕ್ಸಸ್‌ನಲ್ಲೇ, ಸದರ್ಲ್ಯಾಂಡ್ ಸ್ಪ್ರಿಂಗ್ಸ್ ಅನ್ನುವ ಪುಟ್ಟ ಊರಿನ ಚರ್ಚಿನಲ್ಲಿ, ಹುಟ್ಟದ ಕೂಸೊಂದನ್ನೂ ಸೇರಿಸಿ 26 ಜನ ಸತ್ತರು. 2019ರ ಡಿಸೆಂಬರ್ 29ರಂದು ಫೋರ್ಟ್ ವರ್ತ್ ಪಕ್ಕದ ವೈಟ್ ಸೆಟಲ್‌ಮೆಂಟ್‌ನ ಚರ್ಚಿಗೆ ಒಬ್ಬ ಸುಳ್ಳು ಗಡ್ಡ, ವಿಗ್, ಉದ್ದ ಕೋಟು ಹಾಕಿಕೊಂಡು ಬಂದ. ಅಲ್ಲಿನ ಸ್ವಯಂಸೇವಕ ತಂಡಕ್ಕೆ ಅವನ ಮೇಲೆ ಅನುಮಾನ ಬಂದು ಕಣ್ಣಿಟ್ಟಿದ್ದರು. ಕರ್ತನ ಭೋಜನದ ಹೊತ್ತಿಗೆ ಅವನು ಎದ್ದು ಇಬ್ಬರನ್ನು ಕೊಂದ. ತಂಡದ ಮುಖ್ಯಸ್ಥ, 71 ವರ್ಷದ ಜಾಕ್ ವಿಲ್ಸನ್, ಒಂದೇ ಗುಂಡಿನಲ್ಲಿ ಅವನನ್ನು ಬೀಳಿಸಿದರು. ಶುರುವಾಗಿ ಮುಗಿಯಲು ಸುಮಾರು ಆರು ಸೆಕೆಂಡ್. ಪೊಲೀಸರು ಎಷ್ಟೇ ಬೇಗ ಬಂದರೂ ಆರು ಸೆಕೆಂಡಿನಲ್ಲಿ ಬರಲು ಆಗುವುದಿಲ್ಲ ಅಲ್ವಾ? ಇಲ್ಲಿನ ಚರ್ಚುಗಳು ತಮ್ಮದೇ ತಂಡ ಮಾಡಿಕೊಳ್ಳುವುದು ಇದಕ್ಕೇ.

ವೈಟ್ ಸೆಟಲ್‌ಮೆಂಟ್‌ನ ಆ ಘಟನೆಯ ವಿಡಿಯೋವನ್ನು ತರಬೇತಿಯಲ್ಲಿ ನಮಗೆ ತೋರಿಸಿದರು. ಕೊನೆಯ ಭಾಗ ನಾನು ನೋಡಲಿಲ್ಲ, ತಲೆ ತಗ್ಗಿಸಿ ಕೂತೆ. ಯಾರೂ ಏನೂ ಅನ್ನಲಿಲ್ಲ. ಮುಖ್ಯಸ್ಥರು ಅದರಿಂದ ಎತ್ತಿ ಹೇಳಿದ ವಿಷಯ ಗುಂಡು ಹೊಡೆದದ್ದಲ್ಲ. ಎಲ್ಲ ಮುಗಿದ ಮೇಲೆ ಬೇರೆ ಬೇರೆ ಸಾಲುಗಳಿಂದ ಇನ್ನೂ ಹಲವರು ಪಿಸ್ತೂಲು ಹಿಡಿದು ಎದ್ದು ನಿಂತಿದ್ದು ಅದರಲ್ಲಿ ಕಾಣುತ್ತದೆ. "ಆ ಕ್ಷಣ ಪೊಲೀಸ್ ಬಾಗಿಲು ತೆರೆದು ಬಂದರೆ, ಯಾರು ಒಳ್ಳೆಯವರು ಅಂತ ಅವರಿಗೆ ಹೇಗೆ ತಿಳಿಯಬೇಕು?" ಅಂತ ಕೇಳಿದರು. ಆದ್ದರಿಂದ ನಮ್ಮ ಚರ್ಚಿನಲ್ಲಿ ಹಿರಿಯರೇ ಸಭೆಗೆ ತಿಳಿಸಿದ್ದಾರೆ: ನಿಮ್ಮಲ್ಲಿ ಯಾರ ಹತ್ತಿರ ಬಂದೂಕು ಇದ್ದರೂ ಏನಾದರೂ ಆದಾಗ ಹೊರಗೆ ತೆಗೆಯಬೇಡಿ, ಮಕ್ಕಳನ್ನು ಹಿಡಿದು ನೆಲಕ್ಕೆ ಬಗ್ಗಿ. ಟೆಕ್ಸಸ್‌ನಲ್ಲಿ 2021ರ ಸೆಪ್ಟೆಂಬರ್‌ನಿಂದ ಲೈಸೆನ್ಸ್ ಇಲ್ಲದೆಯೂ ಹೆಚ್ಚಿನ ವಯಸ್ಕರು ಪಿಸ್ತೂಲು ಇಟ್ಟುಕೊಳ್ಳಬಹುದು. ಬೇಡ ಅಂದರೆ ಚರ್ಚೇ ಬೋರ್ಡ್ ಹಾಕಬೇಕು ಅಥವಾ ಬಾಯಲ್ಲಿ ಹೇಳಬೇಕು. ಹಾಗಾಗಿ ಈ ಮಾತನ್ನು ಬಿಡಿಸಿ ಹೇಳುವುದು ಇಲ್ಲಿ ಬಹಳ ಮುಖ್ಯ.

ನಮ್ಮ ತಂಡದಲ್ಲಿ ಆಯುಧ ಇರುವುದು ನಾಲ್ಕು ಜನರ ಹತ್ತಿರ ಮಾತ್ರ. ಇಬ್ಬರು ಪೊಲೀಸ್ ಕೆಲಸದಲ್ಲಿದ್ದವರು, ಇಬ್ಬರು ಸೈನ್ಯದಲ್ಲಿದ್ದವರು. ಲೈಸೆನ್ಸ್ ಇರಲೇಬೇಕು, ವರ್ಷಕ್ಕೆರಡು ಸಲ ಗುರಿ ಪರೀಕ್ಷೆ ಪಾಸಾಗಬೇಕು. ಇದು ನಮ್ಮ ಚರ್ಚ್ ಮಾಡಿಕೊಂಡ ನಿಯಮ. ನನ್ನನ್ನೂ ಕೇಳಿದರು, ನಾನು ಬೇಡ ಅಂದೆ. ಒಬ್ಬ ಮನುಷ್ಯನ ಮೇಲೆ ನನ್ನ ಕೈ ಹಾಗೆ ಏಳುವುದಿಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಅದಕ್ಕಾಗಿ ನನ್ನನ್ನು ಯಾರೂ ಕಡಿಮೆ ಮಾಡಲಿಲ್ಲ, ಆಯುಧ ಹಿಡಿದವರನ್ನು ನಾನೂ ಕಡಿಮೆ ಮಾಡುವುದಿಲ್ಲ.

ಕಾನೂನಿನ ತರಗತಿ ಒಂದೇ ದಿನ. ಅದರಲ್ಲಿ ನೆನಪಿಡಬೇಕಾದ್ದು ಇಷ್ಟು. ಟೆಕ್ಸಸ್‌ನಲ್ಲಿ ಸೆಕ್ಯೂರಿಟಿ ಕೆಲಸಕ್ಕೆ ಸರ್ಕಾರದ ಲೈಸೆನ್ಸ್ ಬೇಕು. 2017ರ ಸೆಪ್ಟೆಂಬರ್ 1ರಿಂದ ಪ್ರಾರ್ಥನಾ ಸ್ಥಳಗಳ ಸ್ವಯಂಸೇವಕರಿಗೆ ಅದರಿಂದ ವಿನಾಯಿತಿ ಇದೆ. ಆದರೆ ಸಂಬಳ ತೆಗೆದುಕೊಳ್ಳುವ ಹಾಗಿಲ್ಲ, ಪೊಲೀಸರಂತೆ ಬ್ಯಾಡ್ಜ್ ಹಾಕುವ ಹಾಗಿಲ್ಲ, ಬಟ್ಟೆಯ ಮೇಲೆ 'ಸೆಕ್ಯೂರಿಟಿ' ಅನ್ನುವ ಪದವೇ ಇರಬಾರದು. ಆದ್ದರಿಂದ ನಾವು ಬೇರೆಯವರ ಹಾಗೇ ಭಾನುವಾರದ ಬಟ್ಟೆಯಲ್ಲೇ ಇರುತ್ತೇವೆ. ನಾನು ಎಷ್ಟೋ ವಾರ ಸಲ್ವಾರ್‌ನಲ್ಲೇ ನಿಂತಿದ್ದೇನೆ, ಕಿವಿಯಲ್ಲಿ ಒಂದು ಸಣ್ಣ ಇಯರ್‌ಪೀಸ್, ಸೊಂಟದಲ್ಲಿ ವಾಕಿಟಾಕಿ.

ತರಬೇತಿ ಒಟ್ಟು ಒಂಬತ್ತು ವಾರ, ಹೆಚ್ಚಾಗಿ ಗುರುವಾರ ರಾತ್ರಿ. ಅದರಲ್ಲಿ ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಎರಡು. ಒಂದು ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತುವುದು, ಇನ್ನೊಂದು ರಕ್ತ ನಿಲ್ಲಿಸುವುದು. ಎದೆಯ ನಡುವೆ ಎರಡೂ ಕೈ ಇಟ್ಟು ಕನಿಷ್ಠ ಎರಡು ಇಂಚು ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಗೊಂಬೆಯ ಮೇಲೆ ಎರಡು ನಿಮಿಷ ಒತ್ತಿ ನೋಡಿ, ಬೆವರು ಕಣ್ಣಿಗೆ ಇಳಿಯುತ್ತದೆ. ಹೃದಯ ನಿಂತವರಿಗೆ ಸಿಪಿಆರ್ ಸಿಗದೆ ಹೋಗುವ ಪ್ರತಿ ನಿಮಿಷಕ್ಕೆ ಬದುಕುವ ಅವಕಾಶ ಶೇಕಡಾ 7ರಿಂದ 10ರಷ್ಟು ಇಳಿಯುತ್ತದೆ ಅಂತ ಹೇಳಿಕೊಟ್ಟರು. ಗಾಯದ ತರಗತಿಯಲ್ಲಿ ಟೂರ್ನಿಕೆಟ್ ಪಟ್ಟಿ ಕಟ್ಟುವುದು ಕಲಿಸಿದರು. ಗಾಯಕ್ಕಿಂತ ಎರಡು ಮೂರು ಇಂಚು ಮೇಲೆ, ಮೊಣಕಾಲು ಮೊಣಕೈ ಗಂಟಿನ ಮೇಲೆ ಬೇಡ, ರಕ್ತ ನಿಲ್ಲುವ ತನಕ ತಿರುಪಬೇಕು, ಕಟ್ಟಿದ ಸಮಯ ಬರೆದಿಡಬೇಕು. ನೋವಾಗುತ್ತದೆ ಅಂತ ಅವರು ಕೂಗಿದರೂ ಸಡಿಲ ಮಾಡಬಾರದು. ಕಂಕುಳು, ತೊಡೆಸಂದಿನಲ್ಲಿ ಪಟ್ಟಿ ಕಟ್ಟಲು ಬರುವುದಿಲ್ಲ. ಅಲ್ಲಿ ಗಾಯದೊಳಗೆ ಬಟ್ಟೆ ತುರುಕಿ ದೇಹದ ಭಾರ ಹಾಕಿ ಒತ್ತಬೇಕು. ಇದನ್ನು ಯಾರು ಬೇಕಾದರೂ ಕಲಿಯಬಹುದು, ಒಂದು ಸಂಜೆ ಸಾಕು.

ಮಕ್ಕಳ ಕೋಣೆಯ ಡ್ರಿಲ್ ಮಾತ್ರ ನನ್ನ ಎದೆ ಹಿಂಡಿತು. ವಾಕಿಟಾಕಿಯಲ್ಲಿ ಒಂದು ಮಾತು ಬಂದ ತಕ್ಷಣ ಟೀಚರ್ ಬಾಗಿಲು ಒಳಗಿನಿಂದ ಲಾಕ್ ಮಾಡಬೇಕು, ದೀಪ ಆರಿಸಬೇಕು, ಮಕ್ಕಳನ್ನು ಬಾಗಿಲಿನಿಂದ ಕಾಣದ ಮೂಲೆಗೆ ಕೂರಿಸಬೇಕು. ಪುಟ್ಟ ಮಕ್ಕಳಿಗೆ ಇದು ಇಲಿಮರಿ ಆಟ ಅಂತ ಹೇಳಿದ್ದರು, ಯಾರು ಸದ್ದು ಮಾಡುವುದಿಲ್ಲವೋ ಅವರಿಗೆ ಬಿಸ್ಕೆಟ್. ನಾನು ಹೊರಗೆ ನಿಂತು ಬಾಗಿಲಿಗೆ ಕಿವಿಯಿಟ್ಟೆ. ಇಪ್ಪತ್ತಮೂರು ಮಕ್ಕಳು, ಉಸಿರಿನ ಸದ್ದೂ ಇಲ್ಲ. ಮನೆಗೆ ಬರುವಾಗ ಮಗಳು ಹೇಳಿದಳು, "ಅಮ್ಮಾ, ಇದು ಸುಲಭ. ಸ್ಕೂಲಲ್ಲಿ ನಾವು ಯಾವಾಗಲೂ ಮಾಡ್ತೀವಿ." ಅವಳಿಗೆ ಆಗ ಒಂಬತ್ತು ವರ್ಷ. ಸಂಡೇ ಸ್ಕೂಲಿನಲ್ಲಿ ನಾವು ಆ ವಯಸ್ಸಿಗೆ ಕಲಿತದ್ದು ಗೀತೆ ಮತ್ತು ಬಾಯಿಪಾಠದ ವಚನ. ನಾನು ಗಾಡಿ ಓಡಿಸುತ್ತಾ ಏನೂ ಮಾತಾಡಲಿಲ್ಲ.

ಮಾರ್ಚ್ ಕೊನೆಯಿಂದ ಪಾಳಿ ಶುರುವಾಯಿತು. ತಿಂಗಳಿಗೆ ಎರಡು ಭಾನುವಾರ. ಬೆಳಿಗ್ಗೆ 8 ಗಂಟೆಗೆ ಹೋಗಿ ಮೊದಲು ಇಡೀ ಕಟ್ಟಡ ಒಂದು ಸುತ್ತು. ಎಲ್ಲ ಬಾಗಿಲು ಒಳಗಿನಿಂದ ತಳ್ಳಿದರೆ ತೆರೆಯುತ್ತವಾ, ಹೊರಗಿನಿಂದ ಎರಡು ಬಿಟ್ಟು ಉಳಿದವು ಲಾಕ್ ಆಗಿವೆಯಾ, ಎಇಡಿ (ನಿಂತ ಹೃದಯಕ್ಕೆ ಶಾಕ್ ಕೊಡುವ ಯಂತ್ರ) ಪೆಟ್ಟಿಗೆಯ ಹಸಿರು ದೀಪ ಮಿನುಗುತ್ತಿದೆಯಾ, ಟಾಯ್ಲೆಟ್ ಖಾಲಿ ಇದೆಯಾ. ಆಮೇಲೆ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಗುಡ್ ಮಾರ್ನಿಂಗ್ ಹೇಳುವುದು. ಸುಮ್ನೆ ಹೇಳುವುದಲ್ಲ, ಕಣ್ಣು ನೋಡಿ ಹೇಳಬೇಕು, ಕೈ ನೋಡಬೇಕು, ಉತ್ತರಕ್ಕೆ ಕಾಯಬೇಕು. ಮೂರು ತಿಂಗಳಲ್ಲಿ ನನಗೆ ಇನ್ನೂರು ಜನರ ಹೆಸರು ಬಂತು. ಅದಕ್ಕೆ ಮೊದಲು ಐದು ವರ್ಷ ಅದೇ ಚರ್ಚಿಗೆ ಹೋಗಿ ನನಗೆ ಗೊತ್ತಿದ್ದದ್ದು ಮೂವತ್ತು ಹೆಸರು. ಯಾರ ಗಂಡ ಆಸ್ಪತ್ರೆಯಲ್ಲಿದ್ದಾರೆ, ಯಾರಿಗೆ ಕೆಲಸ ಹೋಗಿದೆ, ಯಾವ ಹುಡುಗಿ ಎರಡು ವಾರದಿಂದ ಅಳುಮುಖದಲ್ಲಿ ಬರುತ್ತಿದ್ದಾಳೆ ಅನ್ನುವುದೆಲ್ಲ ಬಾಗಿಲಲ್ಲಿ ನಿಂತವರಿಗೆ ಕಾಣುತ್ತದೆ.

ಹೆಚ್ಚಿನ ಭಾನುವಾರ ಏನೂ ಆಗುವುದಿಲ್ಲ. ಯಾರೋ ಕಾರಿನ ಲೈಟ್ ಆರಿಸಿಲ್ಲ, ಯಾರದೋ ಅಜ್ಜಿಗೆ ತಲೆ ಸುತ್ತಿತು, ಇಷ್ಟೇ. ಒಂದು ಸಲ ಒಬ್ಬ ತಂದೆ ಮಗನನ್ನು ಕರೆದುಕೊಂಡು ಹೋಗಲು ಬಂದರು. ನಮ್ಮಲ್ಲಿ ಮಗುವಿನ ಬೆನ್ನಿಗೆ ಒಂದು ನಂಬರ್ ಚೀಟಿ, ಬಿಟ್ಟುಹೋದವರ ಕೈಯಲ್ಲಿ ಅದೇ ನಂಬರಿನ ಇನ್ನೊಂದು ಚೀಟಿ. ಅವರ ಹತ್ತಿರ ಚೀಟಿ ಇರಲಿಲ್ಲ. ಗಂಡ ಹೆಂಡತಿ ಬೇರೆಯಾಗಿದ್ದರು, ಕೋರ್ಟಿನಲ್ಲಿ ಕೇಸ್ ನಡೆಯುತ್ತಿತ್ತು. ಇಪ್ಪತ್ತು ನಿಮಿಷ ಅವರು ನನ್ನ ಮೇಲೆ ಕೂಗಿದರು. ನಾನು ನೀರು ಕೊಟ್ಟೆ, ಕುರ್ಚಿ ಕೊಟ್ಟೆ, ಮಗುವನ್ನು ಕೊಡಲಿಲ್ಲ. ಕೊನೆಗೆ ಅವರು ಕುರ್ಚಿಯಲ್ಲಿ ಕೂತು ಅತ್ತರು. ಮುಖ್ಯಸ್ಥರು ಕೇಳಿದ ಮೊದಲ ಪ್ರಶ್ನೆ ಯಾಕಿತ್ತು ಅಂತ ಅವತ್ತು ಅರ್ಥವಾಯಿತು.

2023ರ ಏಪ್ರಿಲ್. ಎರಡನೆಯ ಆರಾಧನೆ, ಪ್ರಸಂಗಕ್ಕೆ ಮೊದಲಿನ ಹಾಡು. ಮೂರನೆಯ ಸಾಲಿನಲ್ಲಿ ನಿಂತಿದ್ದ ಹಿರಿಯರೊಬ್ಬರು ಹಾಡುತ್ತಾ ಹಾಡುತ್ತಾ ಪಕ್ಕಕ್ಕೆ ಕುಸಿದರು. ನಾನು ಎಡಗಡೆ ಗೋಡೆಯ ಹತ್ತಿರ ಇದ್ದೆ. ಓಡಿಹೋಗಿ ಭುಜ ತಟ್ಟಿ ಕೂಗಿದೆ, ಉತ್ತರವಿಲ್ಲ. ಬಾಯಿ ತೆರೆದು ಒಂದೆರಡು ಸಲ ಗೊರಕೆಯ ಹಾಗೆ ಸದ್ದು ಬಂತು. ಇದು ಉಸಿರಾಟ ಅಲ್ಲ, ಮೋಸ ಹೋಗಬೇಡಿ ಅಂತ ತರಗತಿಯಲ್ಲಿ ಹೇಳಿದ್ದು ಆ ಕ್ಷಣಕ್ಕೆ ನೆನಪಾಯಿತು, ಅದು ದೇವರ ದಯೆ. ನಾನು ಒತ್ತಲು ಶುರು ಮಾಡಿದೆ. ಐದಾರು ಸಲ ಒತ್ತುವಾಗ ಪಕ್ಕೆಯಲ್ಲಿ ಏನೋ ಲಟಕ್ ಅಂದಿತು. ಕೈ ಹಿಂದೆಗೆಯಬೇಕು ಅನ್ನಿಸಿತು, ತೆಗೆಯಲಿಲ್ಲ. ಪಕ್ಕೆಲುಬು ಕೂಡಿಕೊಳ್ಳುತ್ತದೆ, ನಿಂತ ಹೃದಯ ತಾನಾಗಿ ಹೊರಡುವುದಿಲ್ಲ.

ನನ್ನ ಸುತ್ತ ಉಳಿದವರು ಕಲಿತದ್ದನ್ನೇ ಮಾಡುತ್ತಿದ್ದರು. ಒಬ್ಬರು ಇಲ್ಲಿನ ತುರ್ತು ನಂಬರ್ 911ಕ್ಕೆ ಫೋನ್. ಒಬ್ಬರು ಎಇಡಿ ತರಲು. ಒಬ್ಬರು ರಸ್ತೆಯ ಗೇಟಿಗೆ ಓಡಿದರು, ಆಂಬುಲೆನ್ಸ್ ತಪ್ಪು ಬಾಗಿಲಿಗೆ ಹೋಗಬಾರದಲ್ಲ. ಇಬ್ಬರು ಹೆಂಗಸರು ಹಾಸಿಗೆ ಚಾದರ ಹಿಡಿದು ಮರೆ ಮಾಡಿದರು. ಪಾಸ್ಟರ್ ಹಾಡು ನಿಲ್ಲಿಸಿ ಇಡೀ ಸಭೆಯನ್ನು ಮೆಲ್ಲಗೆ ಪ್ರಾರ್ಥನೆಗೆ ಕರೆದರು. ಎಇಡಿ ಬಂತು, ಪ್ಯಾಡ್ ಅಂಟಿಸಿದೆವು, ಎಲ್ಲರೂ ದೂರ ನಿಲ್ಲಿ ಅಂತ ಅದೇ ಹೇಳಿತು. ಒಂದು ಶಾಕ್. ಮತ್ತೆ ಒತ್ತಿದೆ, ನನ್ನ ಕೈ ಸೋತಾಗ ಇನ್ನೊಬ್ಬರು ಒತ್ತಿದರು. ಆಂಬುಲೆನ್ಸಿನವರು ಬರುವಷ್ಟರಲ್ಲಿ ಆ ಹಿರಿಯರ ಬೆರಳು ಅಲ್ಲಾಡುತ್ತಿತ್ತು. ಏಳು ನಿಮಿಷವಂತೆ. ನನ್ನನ್ನು ಕೇಳಿದ್ದರೆ ಅರ್ಧ ಗಂಟೆ ಅನ್ನುತ್ತಿದ್ದೆ.

ಅವರು ಬದುಕಿದರು. ಎರಡು ತಿಂಗಳ ಮೇಲೆ ಕೋಲು ಹಿಡಿದು ಬಂದರು, ನನ್ನ ಕೈ ಹಿಡಿದು ತುಂಬಾ ಹೊತ್ತು ನಿಂತರು. ಈಗಲೂ ಅದೇ ಮೂರನೆಯ ಸಾಲು. ಇಷ್ಟೂ ವರ್ಷದಲ್ಲಿ ನಮ್ಮ ತಂಡ ಉಳಿಸಿದ ಜೀವ ಅಂತ ಬೆರಳಿಟ್ಟು ತೋರಿಸಲು ಆಗುವುದು ಇದೊಂದೇ, ಅದರಲ್ಲಿ ಬಂದೂಕಿಗೆ ಕೆಲಸವೇ ಇರಲಿಲ್ಲ. ತಂಡ ಕಟ್ಟುವವರು ಮೊದಲು ಎಇಡಿಗೆ ದುಡ್ಡು ಹೊಂದಿಸಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಇನ್ನೊಂದು ಘಟನೆ ಹೇಳದಿದ್ದರೆ ಈ ಬರಹ ಅರ್ಧ ಸುಳ್ಳಾಗುತ್ತದೆ.

ಅದೇ ವರ್ಷ ಆಗಸ್ಟ್. ಹೊರಗೆ ಸುಡು ಬಿಸಿಲು. ಆಗಸ್ಟಿನಲ್ಲಿ ಇಲ್ಲಿ ಕಾಲೇಜು ಶುರುವಾಗುತ್ತದೆ, ಭಾರತದಿಂದ ತುಂಬಾ ವಿದ್ಯಾರ್ಥಿಗಳು ಬರುತ್ತಾರೆ. ಕಿವಿಯಲ್ಲಿ ಒಂದು ದನಿ ಬಂತು: "ಹಿಂದಿನ ಸಾಲು, ಕಂದು ಬಣ್ಣದ ಯುವಕ, ಗಡ್ಡ, ದೊಡ್ಡ ಕಪ್ಪು ಬ್ಯಾಗ್, ಪದೇ ಪದೇ ಬಾಗಿಲು ನೋಡುತ್ತಿದ್ದಾನೆ." ನಾನು ತಿರುಗಿ ನೋಡಿದೆ. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ. ಅವನಿಗೆ ಕಾಣುವ ಹಾಗೆ ನಮ್ಮ ತಂಡದ ಮೂವರು ಮೂರು ದಿಕ್ಕಿನಲ್ಲಿ ನಿಂತುಬಿಟ್ಟಿದ್ದರು. ನಾನು ಹೋಗಿ ಪಕ್ಕದ ಕುರ್ಚಿಯಲ್ಲಿ ಕೂತೆ. ಅವನ ಫೋನ್ ಪರದೆಯಲ್ಲಿ ಬೈಬಲ್ ತೆರೆದಿತ್ತು. ಅಕ್ಷರ ಕನ್ನಡ.

"ಕನ್ನಡದವರಾ?" ಅಂದೆ. ಅವನ ಕಣ್ಣು ತುಂಬಿತು. "ಹೌದ್ರಿ ಅಕ್ಕಾರ, ಬೀದರ್." ಬೀದರ್ ಕಡೆ ಮೆಥಡಿಸ್ಟ್ ಸಭೆಗಳು ಬಹಳ, ಅಲ್ಲಿನ ಮನೆತನದ ಹುಡುಗ. ಅಮೆರಿಕಕ್ಕೆ ಬಂದು ಹನ್ನೊಂದು ದಿನ ಆಗಿತ್ತು. ಸ್ನೇಹಿತ ಕಾರ್ ನಿಲ್ಲಿಸಿ ಬರುತ್ತೇನೆ ಅಂದವನು ಬಂದಿರಲಿಲ್ಲ, ಅದಕ್ಕೇ ಬಾಗಿಲು ನೋಡುತ್ತಿದ್ದ. ಮನೆ ಇನ್ನೂ ಸಿಕ್ಕಿರಲಿಲ್ಲ, ಯಾರದೋ ಹಾಲ್‌ನಲ್ಲಿ ಮಲಗುತ್ತಿದ್ದ. ಪಾಸ್‌ಪೋರ್ಟು, ಮಾರ್ಕ್ಸ್ ಕಾರ್ಡು ಎಲ್ಲ ಬ್ಯಾಗಿನಲ್ಲೇ ಹೊತ್ತುಕೊಂಡು ತಿರುಗುತ್ತಿದ್ದ. ಆಮೇಲೆ ಮೆಲ್ಲಗೆ ಕೇಳಿದ, "ಅಕ್ಕಾರ, ಅವರೆಲ್ಲ ನನ್ನೇ ನೋಡಕತ್ತಾರ. ನಾ ಏನರ ತಪ್ಪು ಮಾಡೀನೇನ್ರಿ?"

ನನ್ನ ಗಂಡನಿಗೂ ಗಡ್ಡವಿದೆ. ನನ್ನ ತಮ್ಮ ಇಲ್ಲಿಗೆ ಬಂದರೆ ಅವನ ಬೆನ್ನಿಗೂ ಬ್ಯಾಗ್ ಇರುತ್ತದೆ. ಟಾರ್ಚ್ ಹಿಡಿದು ಸಭೆ ಕಾಯ್ದ ಅದೇ ತಮ್ಮ. ನಾನು ಅವನಿಗೆ ಸುಳ್ಳು ಹೇಳಲಿಲ್ಲ. "ತಪ್ಪು ನಿನ್ನದಲ್ಲಪ್ಪಾ, ನಮ್ಮದು. ಬ್ಯಾಗ್ ನೋಡಿ ಹೆದರಿದರು. ನಿನ್ನನ್ನು ಮಾತಾಡಿಸಬೇಕಿತ್ತು, ಮಾತಾಡಿಸಲಿಲ್ಲ" ಅಂದೆ. ಅವನನ್ನೂ ಸ್ನೇಹಿತನನ್ನೂ ಮನೆಗೆ ಕರೆದುಕೊಂಡು ಹೋದೆವು. ಕುಚ್ಚಲಕ್ಕಿ ಅನ್ನ, ಕೋಳಿ ಸುಕ್ಕ ಬಡಿಸಿದೆ. ಚೆನ್ನಾಗಿ ಉಂಡ, ಚೆನ್ನಾಗಿ ಮಾತಾಡಿದ. ಮುಂದಿನ ಭಾನುವಾರ ಬರಲಿಲ್ಲ. ಆಮೇಲೂ ಬರಲಿಲ್ಲ. ಬೇರೆ ಕಡೆ ಭಾರತೀಯರ ಪ್ರಾರ್ಥನಾ ಕೂಟಕ್ಕೆ ಹೋಗುತ್ತಾನೆ, ಹಬ್ಬಕ್ಕೆ ಮೆಸೇಜ್ ಹಾಕುತ್ತಾನೆ. ನಾನು ಬಾ ಅಂತ ಒತ್ತಾಯ ಮಾಡಿಲ್ಲ. ಯಾವ ಮುಖದಿಂದ ಮಾಡಲಿ?

ತಂಡದ ಮೀಟಿಂಗಿನಲ್ಲಿ ಇದನ್ನು ಎತ್ತಿದೆ. ಕೈ ನಡುಗುತ್ತಿತ್ತು. ಆ ಮಾತು ಹೇಳಿದವರು ಕೆಟ್ಟವರಲ್ಲ, ನನ್ನ ಮಗಳಿಗೆ ಸೈಕಲ್ ರಿಪೇರಿ ಮಾಡಿಕೊಟ್ಟವರು. "ಕಂಡದ್ದನ್ನು ಹೇಳಿದೆ, ವೈಟ್ ಸೆಟಲ್‌ಮೆಂಟ್‌ನಲ್ಲೂ ಹೀಗೇ ಗಮನಿಸಿದ್ದರಲ್ಲ" ಅಂದರು. ನಾನು ಹೇಳಿದೆ, ಅಲ್ಲಿ ಗಮನಿಸಿದ್ದು ಸುಳ್ಳು ಗಡ್ಡವನ್ನು, ನಿಜವಾದ ಗಡ್ಡವನ್ನಲ್ಲ. ಚಾರ್ಲ್ಸ್‌ಟನ್‌ಗೆ ಬಂದವನು ಬಿಳಿಯ ಹುಡುಗ. 2012ರ ಆಗಸ್ಟ್ 5ರಂದು ವಿಸ್ಕಾನ್ಸಿನ್ ರಾಜ್ಯದ ಓಕ್ ಕ್ರೀಕ್‌ನ ಗುರುದ್ವಾರಕ್ಕೆ ನುಗ್ಗಿದವನೂ ಬಿಳಿಯನೇ, ಸತ್ತವರು ಕಂದು ಬಣ್ಣದವರು. ಬಣ್ಣ ನೋಡುತ್ತಾ ಕೂತರೆ ನಮಗೆ ಕಾಣಬೇಕಾದ್ದು ಕಾಣುವುದಿಲ್ಲ. ಕೋಣೆ ಸ್ವಲ್ಪ ಹೊತ್ತು ನಿಶ್ಶಬ್ದವಾಯಿತು. ಮುಖ್ಯಸ್ಥರು ಬಿಳಿ ಬೋರ್ಡಿನ ಮೇಲೆ ಬರೆದರು. ವಾಕಿಟಾಕಿಯಲ್ಲಿ ಮೊದಲು ಹೇಳಬೇಕಾದ್ದು ಜಾಗ ಮತ್ತು ನಡವಳಿಕೆ. ಗುರುತಿಗೆ ಬಟ್ಟೆಯ ಬಣ್ಣ. ಮೈಬಣ್ಣ ಬೇಡ. ಯಾರ ಮೇಲೆ ಅನುಮಾನ ಬಂದರೂ ಮೊದಲು ಒಬ್ಬರು ಹೋಗಿ ಹೆಸರು ಕೇಳಿ ಮಾತಾಡಿಸಬೇಕು, ಮೂವರು ಸುತ್ತ ನಿಲ್ಲಬಾರದು. ದೊಡ್ಡ ಬ್ಯಾಗುಗಳಿಗೆ ಬಾಗಿಲ ಹತ್ತಿರವೇ ಕಪಾಟು, ಎಲ್ಲರ ಬ್ಯಾಗಿಗೂ ಒಂದೇ ನಿಯಮ. ಆ ಕಪಾಟನ್ನು ಕೈಯಾರೆ ಮಾಡಿ ತಂದವರು ಸೈಕಲ್ ರಿಪೇರಿ ಮಾಡಿದ ಅದೇ ಮನುಷ್ಯ.

ಮಾತಾಡಿಸಿದರೆ ಎಲ್ಲ ಸರಿಯಾಗುತ್ತದೆ ಅಂತ ನಾನು ಹೇಳುತ್ತಿಲ್ಲ. ರಬ್ಬಿಯೂ ಚಹಾ ಕೊಟ್ಟು ಮಾತಾಡಿಸಿದ್ದರು. ಆದರೆ ಕುರ್ಚಿ ಎಸೆಯುವುದನ್ನೂ, ಬಾಗಿಲು ಎಷ್ಟು ದೂರ ಅಂತ ಲೆಕ್ಕ ಹಾಕುವುದನ್ನೂ ಅವರು ಕಲಿತಿದ್ದರು. ಚಹಾ ಕೊಡುವುದನ್ನು ಬಿಟ್ಟರೆ ಅದು ದೇವರ ಮನೆಯಾಗಿ ಉಳಿಯುವುದಿಲ್ಲ. ಬಾಗಿಲು ಎಲ್ಲಿದೆ ಅಂತ ನೋಡಿಕೊಳ್ಳದಿದ್ದರೆ ಮಕ್ಕಳನ್ನು ಉಳಿಸಲು ಆಗುವುದಿಲ್ಲ. ನನಗೆ ಎರಡೂ ಬೇಕು, ಎರಡನ್ನೂ ಬಿಡಲು ನಾನು ತಯಾರಿಲ್ಲ.

ಕಳೆದ ಕ್ರಿಸ್ಮಸ್‌ಗೆ ಊರಿಗೆ ಹೋಗಿದ್ದೆವು. 24ರ ರಾತ್ರಿ ನಮ್ಮ ಸಭೆ ತುಂಬಿ ಹೊರಗೆಲ್ಲ ಪೆಂಡಾಲ್. ಒಳಗೆ ಕೂತು ಮೊದಲ ಗೀತೆ ಹಾಡುವಾಗ ನನ್ನ ಕಣ್ಣು ತಾನಾಗಿ ಪಕ್ಕದ ಬಾಗಿಲಿಗೆ ಹೋಯಿತು. ಬೀಗ. ಅದರ ಮುಂದೆ ಎದೆಯೆತ್ತರ ಪ್ಲಾಸ್ಟಿಕ್ ಕುರ್ಚಿಗಳ ರಾಶಿ. ಒಳಗೆ ಐನೂರು ಜನ, ಮೇಣದ ಬತ್ತಿ, ಒಣಹುಲ್ಲಿನ ಗೋದಲಿ, ಸೀರಿಯಲ್ ಲೈಟು, ಹೊರಗೆ ಹೋಗಲು ಒಂದೇ ಬಾಗಿಲು. ಟೆಕ್ಸಸ್‌ನ ಭಯ ನಮ್ಮೂರಿನದಲ್ಲ, ಅಲ್ಲಿಗೆ ಬಂದೂಕು ಬೇಡವೇ ಬೇಡ. ಆದರೆ ಬೆಂಕಿಗೆ, ನೂಕುನುಗ್ಗಲಿಗೆ ಊರು ಯಾವುದಾದರೇನು?

ಆರಾಧನೆ ಮುಗಿದ ಮೇಲೆ ಸಭಾಪಾಲಕರ ಹತ್ತಿರ ಹೋಗಿ ಹೇಳಿದೆ. "ಹೌದಲ್ಲಮ್ಮಾ, ಯಾರೂ ನೋಡಿರಲಿಲ್ಲ" ಅಂದರು. ಬೀಗದ ಕೈ ಯಾರ ಹತ್ತಿರ ಇದೆ ಅಂತ ಹುಡುಕಿದರೆ, ಗಂಟೆ ಹೊಡೆಯುವ ಮಾವನ ಮನೆಯಲ್ಲಿತ್ತು. ಅವರು ಸ್ಕೂಟರಿನಲ್ಲಿ ಹೋಗಿ ತಂದರು. ನನ್ನ ತಮ್ಮ ಮತ್ತು ಯುವಜನ ಕೂಟದ ನಾಲ್ಕು ಹುಡುಗರು ರಾತ್ರಿಯೇ ಕುರ್ಚಿ ಎತ್ತಿ ಪೆಂಡಾಲಿನ ಕೆಳಗೆ ಹಾಕಿದರು. ಬಾಗಿಲು ಜಂಗು ಹಿಡಿದಿತ್ತು, ಕೀಲಿಗೆ ತೆಂಗಿನೆಣ್ಣೆ ಬಿಟ್ಟು ಇಬ್ಬರು ತಳ್ಳಬೇಕಾಯಿತು. ಅಮ್ಮ ಕೇಕಿನ ಡಬ್ಬಿ ಹಿಡಿದು ಕಾಯುತ್ತಾ ನಿಂತಿದ್ದರು. "ಬೆಳಿಗ್ಗೆ ಆರಾಧನೆಗೆ ಬೀಗ ಹಾಕ್ಲಿಕ್ಕಿಲ್ಲ, ಕೇಳಿತಾ?" ಅಂತ ಮಾವನಿಗೆ ಅಮ್ಮನೇ ಹೇಳಿದರು.